ಎಡಗಡೆ ಸೀಟಿನ ಬೆಲ್ಟು

ಹಾಗಲವಾಡಿಯಿಂದ ತುಮಕೂರಿಗೆ ಓದಲು ಹೋಗುವ ಮಕ್ಕಳಿರುವ ಮನೆಯವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಬಸ್ಸು ಸಿಕ್ಕರೆ ಸಂಜೆ ಸಿಗುವುದಿಲ್ಲ. ಕಾಲೇಜಿನಲ್ಲಿ ಲ್ಯಾಬ್ ಸ್ವಲ್ಪ ತಡವಾದರೆ ಸಾಕು, ಗುಬ್ಬಿಗೆ ಬಂದು ಇಳಿಯುವ ಹೊತ್ತಿಗೆ ಊರಿನ ಬಸ್ಸು ಹೊರಟುಹೋಗಿರುತ್ತದೆ. ಆಮೇಲೆ ಅಪ್ಪ ಬೈಕ್ ಹತ್ತಿಕೊಂಡು ಹೋಗಬೇಕು, ಅಮ್ಮ ಬಾಗಿಲಲ್ಲಿ ನಿಂತು ಕಾಯಬೇಕು.

ಹಾಲಿನ ಡೈರಿಯ ಸೆಕ್ರೆಟರಿ ರಂಗನಾಥನ ಮನೆಯಲ್ಲೂ ದಿನಾ ಇದೇ ಪಾಡು. ಮಗಳು ಇಂಪನಾ ತುಮಕೂರಿನಲ್ಲಿ ಡಿಗ್ರಿ ಮೊದಲನೇ ವರ್ಷ. ಹದಿನೆಂಟು ತುಂಬಿದ ತಕ್ಷಣ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಅಂದಿನಿಂದ ಕಾರು ಕೊಡಿಸು ಅಂತ ಅಪ್ಪನ ಬೆನ್ನು ಬಿದ್ದಿದ್ದಳು. ಹೆಂಡತಿ ಗಂಗಾಂಬಿಕೆಯೂ ಮಗಳ ಕಡೆಗೇ ಮಾತಾಡುತ್ತಿದ್ದಳು. ಕೊನೆಗೆ ರಂಗನಾಥ ಒಪ್ಪಿದ. ಆದರೆ ಅವನದೊಂದು ತೀರ್ಮಾನ ಇತ್ತು.

"ಕಲಿಯೋಳಿಗೆ ಒಳ್ಳೇ ಗಾಡಿ ಯಾಕೆ? ಅಲ್ಲಿ ಗೀಚ್ತಾಳೆ, ಇಲ್ಲಿ ಗುದ್ತಾಳೆ. ಯಾವ್ದಾದ್ರೂ ಒಂದು ಹಳೇದು ತಕ್ಕೊಡಣ. ಕೈ ಕುದುರಿದ್ ಮೇಲೆ ಒಳ್ಳೇದು ನೋಡಿದ್ರಾಯ್ತು."

ಡೈರಿ ಜಗಲಿಯಲ್ಲಿ ಕೂತು ಕೇಳಿದವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ನೀವಿದ್ದರೂ ಆಡಿಸುತ್ತಿದ್ದಿರಿ. ಕೇಳಲು ಅಷ್ಟು ಸರಿಯಾಗಿರುವ ಮಾತು ಅದು. ಎಷ್ಟು ತಪ್ಪು ಅನ್ನುವುದು ರಂಗನಾಥನಿಗೆ ಆಮೇಲೆ ಗೊತ್ತಾಯಿತು.

ತುಮಕೂರಿನ ಹೊರಗೆ, ರಸ್ತೆ ಬದಿಯ ಖಾಲಿ ಸೈಟಿನಲ್ಲಿ ಹಳೇ ಕಾರುಗಳನ್ನು ನಿಲ್ಲಿಸಿಕೊಂಡು ವ್ಯಾಪಾರ ಮಾಡುತ್ತಿದ್ದ ಪುಟ್ಟರಂಗಯ್ಯ ಒಂದು ಬಿಳಿ ಕಾರು ತೋರಿಸಿದ. ಹತ್ತು ವರ್ಷದ ಹಿಂದಿನದು. ಬಣ್ಣ ಮಾತ್ರ ಹೊಸದಾಗಿ ಮಿರಿಮಿರಿ ಮಿಂಚುತ್ತಿತ್ತು.

"ಎಲ್ಡ್ ಏರ್‌ಬ್ಯಾಗ್ ಅದೆ ಸಾ. ಒಂದು ವಾರ ಮನೇಲೇ ಇಟ್ಕೊಂಡು ಓಡಿಸಿ ನೋಡಿ. ಮಗಳಿಗೆ ಒಪ್ಪಿದ್ರೆ ಆಮೇಲೆ ಮಾತಾಡಣ."

ರಂಗನಾಥ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿ ಸ್ಟಾರ್ಟ್ ಮಾಡಿದ. ಒಂದು ಕೆಂಪು ದೀಪವೂ ಉರಿಯುತ್ತಿರಲಿಲ್ಲ, ಬೇಡದ ಒಂದು ಸದ್ದೂ ಬರಲಿಲ್ಲ. ಗಾಡಿಗೆ ಯಾವ ಕಾಯಿಲೆಯೂ ಇಲ್ಲ ಅಂತ ಅವನಿಗೆ ಖುಷಿಯಾಯಿತು. ಬೆಲ್ಟ್ ಹಾಕದಿದ್ದರೂ ಕುಯ್ ಕುಯ್ ಅನ್ನುತ್ತಿಲ್ಲವಲ್ಲ ಅಂತ ಬಗ್ಗಿ ನೋಡಿದರೆ, ಬೆಲ್ಟ್ ಸಿಕ್ಕಿಸುವ ಜಾಗದಲ್ಲಿ ಒಂದು ಸಣ್ಣ ಕ್ಲಿಪ್ ಸಿಕ್ಕಿಸಿತ್ತು. ಕಪ್ಪು ಕ್ಲಿಪ್ಪು. ಅದರ ಮೇಲೆ ಬೊಟ್ಟಿನಷ್ಟು ಕೆಂಪು ಚುಕ್ಕಿ.

"ಹಿಂದಿನೋರು ಬುಟ್ಟೋಗವ್ರೆ ಸಾ," ಅಂದ ಪುಟ್ಟರಂಗಯ್ಯ. "ಅದು ಇದ್ರೆ ಗಾಡಿ ಬಾಯ್ ಮುಚ್ಕಂಡಿರ್ತದೆ."

ಬಿಟ್ಟಿಯಾಗಿ ಬಂದ ಸಾಮಾನು ಯಾರಿಗೆ ಬೇಡ. ರಂಗನಾಥ ಅದನ್ನು ಹಾಗೇ ಬಿಟ್ಟ. ಆದರೆ ಎಡಗಡೆ ಸೀಟಿನಲ್ಲಿ ಕೂತ ಇಂಪನಾ ಬೆಲ್ಟಿನ ಜೊತೆ ಗುದ್ದಾಡುತ್ತಿದ್ದಳು. ಅದು ಅರ್ಧ ಹೊರಗೆ ಬಂದು ನಿಂತುಬಿಟ್ಟಿತ್ತು. ಎಳೆದರೆ ಬರುವುದಿಲ್ಲ, ಬಿಟ್ಟರೆ ಒಳಗೆ ಹೋಗುವುದಿಲ್ಲ. ಸಿಕ್ಕಿಸಿಕೊಂಡರೆ ಅವಳ ಮೈಮೇಲೆ ಜೋಲುತ್ತಿತ್ತು.

"ಅಪ್ಪ, ಇದ್ಯಾಕೋ ಬೇರೆ ಯಾರ್ದೋ ಅಳತೆಗೆ ಇದ್ದಂಗಿದೆ."

"ಒಂಚೂರು ಎಣ್ಣೆ ಬುಟ್ರೆ ಸರಿಹೋಯ್ತದೆ ಕಣಮ್ಮ," ಅಂದ ಪುಟ್ಟರಂಗಯ್ಯ, ಬೇರೆ ಕಡೆ ನೋಡುತ್ತ.

ಬೇಸತ್ತ ಇಂಪನಾ ಹಿಂದಿನ ಸೀಟಿಗೆ ಹೋಗಿ ಕೂತಳು. ಊರಿಗೆ ಬರುವ ದಾರಿಯುದ್ದಕ್ಕೂ ಒಂದು ಸದ್ದು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಎಡಗಡೆಯಿಂದ ಯಾರೋ ಬೆರಳಿನ ಗೆಣ್ಣಿನಲ್ಲಿ ಬಾಗಿಲು ತಟ್ಟುತ್ತಿರುವ ಹಾಗೆ. ಗುಬ್ಬಿಯಲ್ಲಿ ನಿಲ್ಲಿಸಿ ನೋಡಿದರೆ, ಒಳಗೆ ಹೋಗದೆ ನೇತಾಡುತ್ತಿದ್ದ ಬೆಲ್ಟಿನ ತುದಿಯ ಕಬ್ಬಿಣ ಬಾಗಿಲಿಗೆ ಬಡಿಯುತ್ತಿತ್ತು. ಇಷ್ಟೇನಾ ಅಂತ ಇಬ್ಬರೂ ನಕ್ಕರು. ಆದರೆ ಹೊರಟ ಮೇಲೆ ಮತ್ತೆ ಆ ಸದ್ದು ಬಂದಾಗ ಇಬ್ಬರೂ ಒಟ್ಟಿಗೆ ಎಡಕ್ಕೆ ತಿರುಗಿ ನೋಡಿದರು.

ಮನೆಯ ಮುಂದೆ ಕಾರು ನಿಂತಾಗ ರಂಗನಾಥನ ತಾಯಿ ಪುಟ್ಟತಾಯಮ್ಮ ಆರತಿ ತಟ್ಟೆ ಹಿಡಿದು ಬಂದಳು. ಒಂದು ಸುತ್ತು ಬಂದು ಎಡಗಡೆ ಕಿಟಕಿಯ ಹತ್ತಿರ ನಿಂತಳು. ಬೆಲ್ಟು ಸೀಟಿನ ಮೇಲೆ ಓರೆಯಾಗಿ, ಎದೆ ಇರುವ ಜಾಗದಲ್ಲಿ ಉಬ್ಬಿಕೊಂಡು ನಿಂತಿತ್ತು. ಅವಳ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು.

"ಏನ್ಲಾ ರಂಗ, ಇನ್ಯಾರ್ನ ಕರ್ಕಂಡ್ ಬಂದೆ?"

"ಯಾರಿದಾರೆ ಅವ್ವ? ನಾನು, ನಿನ್ ಮೊಮ್ಮಗಳು ಇಬ್ರೇ."

"ಆ ಸೀಟಲ್ಲಿ ಯಾರೋ ಕುಂತವ್ರೆ ಕಣ್ಲಾ. ಬೆಲ್ಟ್ ಹಾಕ್ಕಂಡು ಕುಂತವ್ರೆ."

ರಂಗನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ದೆವ್ವ ಗಿವ್ವ ಅಂದರೆ ಅವನಿಗೆ ಆಗುವುದಿಲ್ಲ. ಓದಿದವನು, ಡೈರಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವನು. ತಾಯಿಯ ಮಾತಿನಲ್ಲಿ ದೆವ್ವವನ್ನು ಕಂಡು ನಕ್ಕನೇ ಹೊರತು, ತಾಯಿಯ ಕಣ್ಣು ಕಂಡದ್ದು ಏನು ಅಂತ ಯೋಚಿಸಲಿಲ್ಲ. ದೆವ್ವ ಇಲ್ಲ ಅಂದ ಮಾತ್ರಕ್ಕೆ ಹೆದರಿಕೆಗೆ ಕಾರಣವೇ ಇಲ್ಲ ಅಂತ ತಿಳಿದುಬಿಡುವುದು ಬುದ್ಧಿವಂತರ ಹಳೇ ಚಾಳಿ.

ಪುಷ್ಯ ಮಾಸದ ಚಳಿ. ಬೆಳಗ್ಗೆ ಊರಿನ ಮೇಲೆಲ್ಲ ಮಂಜು ಕೂತಿತ್ತು. ಹಾಲು ಹಾಕಿಸಿಕೊಂಡು ಬಂದ ರಂಗನಾಥ ಅಂಗಳದಲ್ಲಿ ಇಂಪನಾ ಕಾರಿನ ಹಿಂದೆ ಅಲುಗಾಡದೆ ನಿಂತಿರುವುದನ್ನು ಕಂಡ.

"ಅಪ್ಪ, ಇಲ್ಲಿ ನೋಡು."

ಹಿಂದಿನ ಗಾಜಿನ ತುಂಬ ಇಬ್ಬನಿ. ಒಂದು ಮೂಲೆಯಲ್ಲಿ ಮಾತ್ರ ಗೆರೆ ಗೆರೆಯಾಗಿ ಇಬ್ಬನಿ ಕೂತಿರಲಿಲ್ಲ. ಅಲ್ಲಿ ಅಕ್ಷರ ಇತ್ತು. ಮುದ್ದಾದ ದುಂಡು ಅಕ್ಷರದಲ್ಲಿ, ಯಾರೋ ಆಗ ತಾನೇ ಬೆರಳಿನಲ್ಲಿ ಬರೆದು ಹೋದ ಹಾಗೆ: ಮೋನಿ.

"ನೀನೇ ಬರೆದ್ಯೇನೇ?"

"ನಾನ್ಯಾಕ್ ಬರೀಲಿ? ಮೋನಿ ಯಾರಂತ ನಂಗೇನ್ ಗೊತ್ತು?"

ಬಿಸಿಲು ಏರಿತು. ಇಬ್ಬನಿ ಆರಿತು. ಹೆಸರೂ ಹೋಯಿತು. ಗಾಜು ಒರೆಸಿದರೆ ಏನೂ ಇಲ್ಲ. ಮಾರನೆಯ ಬೆಳಗ್ಗೆ ಮತ್ತೆ ಅದೇ ಮೂಲೆಯಲ್ಲಿ, ಅದೇ ಅಕ್ಷರದಲ್ಲಿ, ಅದೇ ಹೆಸರು ಎದ್ದು ಬಂದಿತ್ತು.

ಯೋಚಿಸಿದ ಮೇಲೆ ರಂಗನಾಥನಿಗೆ ಹೊಳೆಯಿತು. ನಮ್ಮ ಕಡೆ ಕಾರು ತಗೊಂಡವರು ಹಿಂದಿನ ಗಾಜಿಗೆ ಮಕ್ಕಳ ಹೆಸರಿನ ಸ್ಟಿಕರ್ ಅಂಟಿಸುತ್ತಾರಲ್ಲ, ಅದನ್ನು ಕೆರೆದು ತೆಗೆದಿರುತ್ತಾರೆ. ಅಂಟು ಹೋಗಿರುವುದಿಲ್ಲ. ಅದರ ಮೇಲೆ ಇಬ್ಬನಿ ಕೂರುವುದಿಲ್ಲ. "ಇಷ್ಟಕ್ಕೆಲ್ಲ ಹೆದರ್ಕೊಂಡ್ರೆ ಆಯ್ತದಾ?" ಅಂತ ಮನೆಯವರಿಗೆ ವಿವರಿಸಿ ಹೇಳಿದ. ಅವನು ಹೇಳಿದ್ದು ನಿಜ. ಆದರೆ ಆ ಹೆಸರಿನ ಹುಡುಗಿ ಈಗ ಎಲ್ಲಿದ್ದಾಳೆ, ಆ ಮನೆಯವರು ಈ ಕಾರನ್ನು ಯಾಕೆ ಕೊಟ್ಟರು ಅಂತ ಕೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

ಇಂಪನಾ ಹೆದರಿಕೆಗೆ ತನ್ನದೇ ಔಷಧಿ ಹುಡುಕಿಕೊಂಡಳು. ಆ ಎಡಗಡೆ ಸೀಟಿನವಳಿಗೆ ಮೋನಿ ಅಕ್ಕ ಅಂತ ಹೆಸರಿಟ್ಟಳು. ಊರ ಸುತ್ತ ಕಾರು ಓಡಿಸಲು ಹತ್ತುವಾಗ "ಬಾ ಮೋನಿ ಅಕ್ಕ, ಹೋಗಣ" ಅನ್ನುವಳು. ಟಕ್ ಅಂತ ಸದ್ದು ಬಂದರೆ "ಹೂಂ ಕಣಕ್ಕ, ನಿಧಾನಕ್ಕೇ ಹೋಗ್ತಿದೀನಿ" ಅನ್ನುವಳು. ಕೇಳಿದವರಿಗೆ ನಗು ಬರುತ್ತಿತ್ತು, ಬೆನ್ನಿನಲ್ಲಿ ಒಂದಿಷ್ಟು ಚಳಿಯೂ ಆಗುತ್ತಿತ್ತು. ಪುಟ್ಟತಾಯಮ್ಮನಂತೂ ಆ ಸೀಟಿನ ಮೇಲೆ ದಿನಾ ಎರಡು ಎಲೆ, ಒಂದು ಅಡಿಕೆ ಇಟ್ಟು ಕೈ ಮುಗಿಯತೊಡಗಿದಳು.

ಡ್ರೈವಿಂಗ್ ಸ್ಕೂಲಿನಲ್ಲಿ ಬೆಲ್ಟ್ ಹಾಕುವುದನ್ನು ಕಲಿಸಿದ್ದರು. ಇಂಪನಾ ಹಾಕಿಕೊಳ್ಳಲು ಹೋದರೆ ರಂಗನಾಥನೇ ತಡೆದ.

"ಊರೊಳಗೆ ಯಾಕವ್ವ ಅದು? ಕ್ಲಿಪ್ ಅದಲ್ಲ. ದೊಡ್ಡ ರೋಡಲ್ಲಿ ಪೊಲೀಸ್ನೋರು ಕಂಡ್ರೆ ಬೆಲ್ಟ್ ಎಳೆದು ಭುಜದ್ ಮೇಲೆ ಇಟ್ಕಂಡ್ರಾಯ್ತು. ಅವ್ರು ಬಂದು ಸಿಕ್ಕಿಸಿದೀಯ ಇಲ್ವ ಅಂತ ನೋಡ್ತಾರಾ?"

ತಾನೇ ಬಗ್ಗಿ, ಕೆಂಪು ಚುಕ್ಕಿಯ ಆ ಕ್ಲಿಪ್ಪನ್ನು ಗಟ್ಟಿಯಾಗಿ ಒತ್ತಿ ಕೂರಿಸಿದ. ಹೀಗೆ ಒತ್ತಿದ್ದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ.

ಮುಂದಿನ ಸೋಮವಾರ ಯಡಿಯೂರಿಗೆ ಹೋಗಿ ಗಾಡಿಗೆ ಪೂಜೆ ಮಾಡಿಸುವುದು, ಬರುವಾಗ ಪುಟ್ಟರಂಗಯ್ಯನಿಗೆ ಹೂಂ ಅಂದುಬಿಡುವುದು ಅಂತ ತೀರ್ಮಾನವಾಯಿತು. ದಾರಿಯಲ್ಲಿ ಕುಣಿಗಲ್‌ನಲ್ಲಿ ಗಂಗಾಂಬಿಕೆಯ ತಂಗಿ ಶಶಿರೇಖಾಳ ಮನೆ. ಅಲ್ಲೇ ತಿಂಡಿ. ಗಂಗಾಂಬಿಕೆ ಹಸುಗಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಇಂಪನಾ ಡ್ರೈವರ್ ಸೀಟಿನಲ್ಲಿ ಕೂತಳು. ಅಜ್ಜಿ ಹಿಂದೆ ಕೂತಳು. ಯಾವ ಹೆದರಿಕೆಯೂ ಇಲ್ಲದ ರಂಗನಾಥ ಎಡಗಡೆ ಬಾಗಿಲಿಗೆ ಕೈ ಹಾಕಿ, ಒಂದು ಗಳಿಗೆ ನಿಂತು, "ಅವ್ವಂಗೆ ಜೊತೆ ಆಯ್ತದೆ" ಅಂತ ತಾನೂ ಹಿಂದೆಯೇ ಕೂತ.

ಗುಬ್ಬಿ, ತುಮಕೂರು ದಾಟಿದರು. ಕುಣಿಗಲ್ ಹತ್ತಿರ ಬಂತು. ದೂರದಲ್ಲಿ ಕೆರೆಯ ನೀರು ಹೊಳೆಯುತ್ತಿತ್ತು. ಒಂದು ಕುರಿ ಹಿಂಡು ಅಡ್ಡ ಬಂತು. ಇಂಪನಾ ಬ್ರೇಕ್ ಒತ್ತಿದಳು. ಕಾರು ನಿಲ್ಲುವ ಬದಲು ಎಡಕ್ಕೆ ತಿರುಗಿತು. ಅವಳು ತಿರುಗಿಸಲಿಲ್ಲ, ತಾನಾಗಿಯೇ ತಿರುಗಿತು. ಎಡಗಡೆ ಕೂತ ಯಾರೋ ಸ್ಟೇರಿಂಗಿಗೆ ಕೈ ಹಾಕಿ ತಮ್ಮ ಕಡೆಗೆ ಎಳೆದುಕೊಂಡ ಹಾಗೆ. ರಸ್ತೆ ಬದಿಯ ಕಲ್ಲು ಹತ್ತಿರ ಬಂತು, ಬಂತು, ಇನ್ನೊಂದು ಗೇಣು ಉಳಿದಾಗ ಗಾಡಿ ನಿಂತಿತು.

ಟಕ್ ಅಂತ ಒಂದೇ ಒಂದು ಸದ್ದು ಬಂತು.

"ನಾನಲ್ಲ ಅಪ್ಪ," ಅಂದಳು ಇಂಪನಾ. "ನಾನ್ ಎಡಕ್ಕೆ ತಿರುಗಿಸ್ಲಿಲ್ಲ."

ಉಳಿದ ದಾರಿಯನ್ನು ರಂಗನಾಥ ಎತ್ತಿನ ಗಾಡಿಯಷ್ಟು ನಿಧಾನವಾಗಿ ಓಡಿಸಿದ.

ಶಶಿರೇಖಾ ತುಮಕೂರಿನ ಒಂದು ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅಪಘಾತವಾದ ಗಾಡಿಗಳನ್ನು ಹೋಗಿ ನೋಡಿ, ಎಷ್ಟು ನಷ್ಟವಾಗಿದೆ ಅಂತ ಹೇಳುವುದೇ ಅವಳ ಕೆಲಸ. ದಿನಾ ಮುರಿದ ಗಾಡಿಗಳ ಜೊತೆ ಬದುಕುವವಳು. ಇಡ್ಲಿ ತಟ್ಟೆ ಕೈಗೆ ಕೊಟ್ಟು, ನಡೆದದ್ದನ್ನು ಕೇಳಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾನೆಟ್ ಮತ್ತು ದೀಪದ ನಡುವಿನ ಸಂದಿಗೆ ಬೆರಳು ಹಾಕಿ ನೋಡಿದಳು. ಒಂದು ಕಡೆ ಬೆರಳು ಹೋಯಿತು, ಇನ್ನೊಂದು ಕಡೆ ಹೋಗಲಿಲ್ಲ.

"ಭಾವ, ಸ್ಟಾರ್ಟ್ ಮಾಡ್ಬೇಡಿ. ಕೀ ಮಾತ್ರ ತಿರುಗಿಸಿ. ಮುಂದೆ ಏನ್ ಕಾಣ್ತು?"

"ಬ್ಯಾಟರಿದು, ಎಣ್ಣೇದು ಬಿಟ್ರೆ ಬೇರೆ ಒಂದ್ ಕೆಂಪು ದೀಪಾನೂ ಇಲ್ಲ. ಅಷ್ಟ್ ಚೆನ್ನಾಗದೆ."

"ಅದೇ ನಂಗೆ ಭಯ." ಪಕ್ಕದಲ್ಲಿ ನಿಂತಿದ್ದ ತನ್ನ ಹಳೇ ಕಾರಿಗೆ ಅವರನ್ನು ಕರೆದುಕೊಂಡು ಹೋಗಿ ಕೀ ತಿರುಗಿಸಿದಳು. ಒಂದು ಸಾಲು ದೀಪ ಹತ್ತಿತು. ಅದರಲ್ಲಿ ಒಂದು, ಕೂತ ಮನುಷ್ಯನ ಎದುರಿಗೆ ದುಂಡನೆಯ ಚೆಂಡು ಇರುವ ಕೆಂಪು ಚಿತ್ರ. ಸ್ವಲ್ಪ ಹೊತ್ತು ಉರಿದು ತಾನಾಗಿ ಆರಿತು. "ಇದು ಏರ್‌ಬ್ಯಾಗಿನ ದೀಪ. ಕೀ ತಿರುಗಿಸಿದಾಗ ಹತ್ತಬೇಕು, ಹತ್ತಿ ಆರಬೇಕು. ಗಾಡಿ ತನ್ನ ಮೈ ತಾನೇ ಮುಟ್ಟಿ ನೋಡ್ಕೊಳ್ಳೋದು ಹಂಗೆ. ಆರದೇ ಉರೀತಾನೇ ಇದ್ರೂ ತೊಂದ್ರೆ. ಹತ್ತದೇ ಇದ್ರಂತೂ ಒಳಗೆ ಬ್ಯಾಗೇ ಇಲ್ಲ ಅಂತ, ಇಲ್ಲ ಯಾರೋ ಬೇಕಂತ ದೀಪ ಕಿತ್ತಿದಾರೆ ಅಂತ."

"ಎಲ್ಡ್ ಅದೆ ಅಂದಿದ್ದ."

"ಒಂದ್ಸಲ ಉಬ್ಬಿ ಹೊರಗೆ ಬಂದ ಬ್ಯಾಗು ಮತ್ತೆ ಕೆಲಸಕ್ಕೆ ಬರಲ್ಲ ಭಾವ. ಹೊಸದು ಹಾಕ್ಬೇಕು. ಖರ್ಚು ಜಾಸ್ತಿ ಅಂತ ಬರೀ ಮುಚ್ಚಳ ಮುಚ್ಚಿ ಮಾರ್ತಾರೆ. ಸ್ಟೇರಿಂಗ್ ನೋಡಿ, ನಡುವಿನ ಮುಚ್ಚಳದ ಬಣ್ಣಾನೇ ಬೇರೆ." ಆಮೇಲೆ ಎಡಗಡೆ ಬಾಗಿಲು ತೆಗೆದು ಬೆಲ್ಟನ್ನು ಬೆಳಕಿಗೆ ಹಿಡಿದಳು. ನಡುವೆ ಒಂದು ಕಡೆ ಪಟ್ಟಿ ಸುಟ್ಟ ಹಾಗೆ ಹೊಳೆಯುತ್ತಿತ್ತು, ಎಳೆಗಳು ಹಿಗ್ಗಿ ಅಲೆ ಅಲೆಯಾಗಿದ್ದವು. "ದೆವ್ವ ಅಲ್ಲ ಅತ್ತೆ. ಆದ್ರೆ ನೀವ್ ಹೇಳಿದ್ದು ಸುಳ್ಳೂ ಅಲ್ಲ. ಇಲ್ಲಿ ಯಾರೋ ಕೂತಿದ್ರು. ಗಾಡಿ ಭಾರಿ ಜೋರಾಗಿ ಗುದ್ದಿದೆ. ಆಗ ಈ ಬೆಲ್ಟು ಅವರನ್ನ ಹಿಡ್ಕೊಂಡಿದೆ. ಹಿಡ್ಕೊಂಡಿದ್ದು ಬಿಟ್ಟೇ ಇಲ್ಲ."

ಪುಟ್ಟತಾಯಮ್ಮ ಎಲೆ ಅಡಿಕೆ ಇದ್ದ ಸೀಟನ್ನೇ ನೋಡುತ್ತ ನಿಂತಳು.

ಶಶಿರೇಖಾ ಪುಟ್ಟರಂಗಯ್ಯನಿಗೆ ಫೋನ್ ಮಾಡಿ, ಇದು ಮೊದಲು ಯಾರದು ಅಂತ ಕೇಳಿದಳು. "ನಿಮ್ ಕುಣಿಗಲ್‌ನೋರ್ದೇ ಮೇಡಂ, ಸಿದ್ದಯ್ಯ ಮೇಷ್ಟ್ರು ಅಂತ," ಅಂದ ಅವನು. ಸಿದ್ದಯ್ಯ ಮೇಷ್ಟರ ಮನೆ ಮುಂದಿನ ಬೀದಿಯಲ್ಲೇ ಇತ್ತು. ಆ ಮನೆಯಲ್ಲಿ ಏನಾಗಿತ್ತು ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು. ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಆ ಮನೆಗೆ ಹೋದಳು.

ಬರುವಾಗ ಅವಳ ಹಿಂದೆ ನರೆತ ತಲೆಯ ಒಬ್ಬರು ಬರಿಗಾಲಿನಲ್ಲೇ ಬಂದರು. "ಆ ಕಾರು ಗುಜರಿಗೆ ಹೋಯ್ತಲ್ಲಮ್ಮ, ಗುಜರಿಗೇ ಅಂತ ಹೇಳಿ ತಗೊಂಡೋದ್ರಲ್ಲ," ಅಂತ ದಾರಿಯುದ್ದಕ್ಕೂ ಅನ್ನುತ್ತಲೇ ಬಂದವರು ಕಾರು ಕಂಡೊಡನೆ ನಿಂತುಬಿಟ್ಟರು. ಅವರ ಹಿಂದೆ ಮೈಕೈ ತುಂಬಿದ ಹುಡುಗಿಯೊಬ್ಬಳು. ಕತ್ತಿನ ಪಕ್ಕದಿಂದ ಎದೆಯ ಕಡೆಗೆ ಓರೆಯಾಗಿ ಇಳಿದ ಒಂದು ಹಳೇ ಗಾಯದ ಗೆರೆ ಕುರ್ತಾದ ಅಂಚಿನಲ್ಲಿ ಕಾಣುತ್ತಿತ್ತು.

ಇಂಪನಾಳ ಬಾಯಿಂದ ತಾನಾಗಿ ಮಾತು ಬಂತು. "ಮೋನಿ ಅಕ್ಕ."

ಹುಡುಗಿ ತಟ್ಟನೆ ತಿರುಗಿದಳು. "ನನ್ನನ್ನ ಮನೇಲಿ ಮಾತ್ರ ಹಂಗೆ ಕರೆಯೋದು. ನಿಂಗ್ಯಾರ್ ಹೇಳಿದ್ದು?"

ಮೋನಿಕಾ ಉತ್ತರಕ್ಕೆ ಕಾಯಲಿಲ್ಲ. ನಿದ್ದೆಯಲ್ಲಿ ನಡೆದವಳ ಹಾಗೆ ಹೋಗಿ ಎಡಗಡೆ ಬಾಗಿಲು ತೆಗೆದಳು. ಎಲೆ ಅಡಿಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತಳು. ಬೆಲ್ಟನ್ನು ಎದೆಯ ಮೇಲೆ ಎಳೆದು ಸಿಕ್ಕಿಸಿಕೊಂಡಳು. ಜೋಲಲಿಲ್ಲ, ಬಿಗಿಯಲಿಲ್ಲ. ಗಾಯದ ಗೆರೆಯ ಮೇಲೆಯೇ ಸರಿಯಾಗಿ ಬಂದು ಕೂತಿತು.

ಯಾವ ದೆವ್ವವನ್ನೂ ನಂಬದ ರಂಗನಾಥ ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನೂ ನನ್ನ ಅಳತೇಲೇ ಇದೆ ಅಪ್ಪ," ಅಂದಳು ಮೋನಿಕಾ.

ಸಿದ್ದಯ್ಯ ಮೇಷ್ಟರು ಡ್ರೈವರ್ ಸೀಟಿನ ಕಡೆಗೆ ಹೋದರು. ಬಲಗಡೆಯ ಬೆಲ್ಟನ್ನು ಎಳೆದರು. ಸರ್ರನೆ ಬಂತು. ಬಿಟ್ಟರು, ಸರ್ರನೆ ಒಳಗೆ ಹೋಯಿತು. ಒಂದು ಗೀರಿಲ್ಲ, ಒಂದು ಎಳೆ ಬಿಚ್ಚಿಲ್ಲ, ಹೊಸದರ ಹಾಗೆ ಇತ್ತು. ಮತ್ತೆ ಎಳೆದರು, ಮತ್ತೆ ಬಿಟ್ಟರು.

"ನೋಡಿ, ಇದು ಚೆನ್ನಾಗೇ ಇದೆ," ಅಂದರು. "ಅವತ್ತು ಗುದ್ದಿದಾಗ ಇದಕ್ಕೇನೂ ಆಗ್ಲಿಲ್ಲ. ನನ್ ಮಗ ಅಂಜನ್ ಇದನ್ನ ಒಂದಿನಾನೂ ಹಾಕಿರ್ಲಿಲ್ಲ. ಹತ್ತೊಂಬತ್ತು ವರ್ಷ. ಏರ್‌ಬ್ಯಾಗಿನ ಬೆಲೂನು ಉಬ್ಬಿ ಬಂತು, ಆದ್ರೆ ಬೆಲ್ಟಿಲ್ದೋನು ಸೀಟಲ್ಲೇ ಇರ್ಲಿಲ್ವಂತೆ. ಅವನು ಹೋದ, ಪಕ್ಕದಲ್ಲಿ ಬೆಲ್ಟ್ ಹಾಕಿದ್ದ ಇವಳು ಉಳಕೊಂಡ್ಳು."

ಮೋನಿಕಾ ಪಕ್ಕಕ್ಕೆ ಬಗ್ಗಿ ಡ್ರೈವರ್ ಸೀಟಿನ ಬದಿಯಿಂದ ಏನನ್ನೋ ಕಿತ್ತಳು. ಅಂಗೈ ಮೇಲಿಟ್ಟು ನೋಡಿದಳು. ಕೆಂಪು ಚುಕ್ಕಿಯ ಕಪ್ಪು ಕ್ಲಿಪ್ಪು.

"ಇದು ಇನ್ನೂ ಇದೆಯಾ?" ಅವಳು ಚುಕ್ಕಿಯನ್ನು ಹೆಬ್ಬೆರಳಿನಲ್ಲಿ ಸವರಿದಳು. "ಗಾಡಿ ಪೂಜೆ ದಿನ ನಾನೇ ಬೊಟ್ಟಿಟ್ಟಿದ್ದು. ಕುಂಕುಮ ನಿಲ್ಲಲ್ಲ ಅಂತ ಉಗುರುಬಣ್ಣದಲ್ಲಿ ಇಟ್ಟಿದ್ದೆ. ಅಣ್ಣ ನಗ್ತಿದ್ದ. ಗಾಡಿ ಪೂರ್ತಿ ಪೂಜೆ ಮಾಡಿದ್ವಿ. ಇದಕ್ಕೂ ಮಾಡಿದ್ವಿ."

ಮೇಷ್ಟರು ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು ರಂಗನಾಥನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ತರಗತಿಯಲ್ಲಿ ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು. "ಇದನ್ನ ನೀವು ಹಾಕಿದ್ರಾ? ಯಾರ್ ಗಾಡಿ ಓಡಿಸೋವಾಗ?"

ರಂಗನಾಥ ಮಗಳ ಕಡೆ ನೋಡಿದ. ಅವಳು ನಿಂತಿದ್ದಳು, ಉಸಿರಾಡುತ್ತಿದ್ದಳು, ಕೈಯಲ್ಲಿ ಅರ್ಧ ತಿಂದ ಇಡ್ಲಿಯ ತಟ್ಟೆ ಇತ್ತು. ಅಷ್ಟು ಸಾಕಾಯಿತು. ಊರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಆ ಮನುಷ್ಯ ಶಶಿರೇಖಾಳ ಮನೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ.

"ನನ್ನದೂ ಅದೇ ತಪ್ಪು ಸ್ವಾಮಿ," ಅಂದರು ಮೇಷ್ಟರು, ಪಕ್ಕದಲ್ಲಿ ಕೂತು. "ಕಲಿಯೋ ಹುಡುಗ, ಯಾವ್ದಾದ್ರೂ ಆಗ್ಲಿ ಬಿಡು, ಬೆಲ್ಟು ಗಿಲ್ಟು ಆಮೇಲೆ ಅಭ್ಯಾಸ ಆಗ್ತದೆ ಅಂದಿದ್ದೆ."

ಶಶಿರೇಖಾ ಆಗ ಹೇಳಿದ ಮಾತನ್ನು ಇಂಪನಾ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. "ಭಾವ, ನಿಮಗೆ ಗಾಡಿ ಓಡಿಸಿ ಇಪ್ಪತ್ತು ವರ್ಷದ ಅಭ್ಯಾಸ ಇದೆ. ಏನಾದ್ರೂ ಅಡ್ಡ ಬಂದ್ರೆ ಕೈ ಕಾಲು ತಾನಾಗೇ ಕೆಲಸ ಮಾಡ್ತವೆ. ಇವಳಿಗೆ ಅದಿಲ್ಲ. ತಪ್ಪು ಮಾಡೋದು ಇವಳೇ, ಅದಕ್ಕೇ ಮನೇಲಿರೋ ಗಟ್ಟಿ ಗಾಡಿ ಇವಳಿಗೇ ಬೇಕು. ಹಳೇದು ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕಾಪಾಡೋ ಸಾಮಾನು ಅದ್ರಲ್ಲಿ ಜೀವಂತ ಇರ್ಬೇಕು. ಬೆಲ್ಟು ಒಂದ್ಸಲ ಅಷ್ಟು ಜೋರಾಗಿ ಕಾಪಾಡಿದ್ರೆ ಅದರ ಆಯಸ್ಸು ಮುಗೀತು. ಇದು ಮೋನಿಕಾನ ಕಾಪಾಡಿ ಆಗಿದೆ. ಇನ್ನೊಬ್ಬರನ್ನ ಕಾಪಾಡೋ ಶಕ್ತಿ ಇದಕ್ಕಿಲ್ಲ."

"ಮತ್ತೆ ಅದು ಎಡಕ್ಕೆ ಎಳೀತಲ್ಲ?" ಪುಟ್ಟತಾಯಮ್ಮ ಕೇಳಿದಳು.

"ಗುದ್ದಿದ ಗಾಡಿ ಅತ್ತೆ. ಕೆಳಗಿನ ಕಬ್ಬಿಣ ಬಗ್ಗಿರುತ್ತೆ. ಮೇಲೆ ಬಣ್ಣ ಹೊಡೆದ್ರೆ ಅದು ನೆಟ್ಟಗಾಗುತ್ತಾ? ಬ್ರೇಕ್ ಒತ್ತಿದ್ರೆ ಒಂದು ಕಡೆ ಹಿಡಿಯುತ್ತೆ, ಇನ್ನೊಂದು ಕಡೆ ಹಿಡಿಯಲ್ಲ. ಅದಕ್ಕೇ ಖಾಲಿ ಜಾಗದಲ್ಲಿ ನಿಧಾನಕ್ಕೆ ಹೋಗಿ ಬ್ರೇಕ್ ಒತ್ತಿ ನೋಡ್ಬೇಕು. ಟೈರು ಒಂದೇ ಅಂಚಲ್ಲಿ ಸವೆದಿದ್ಯಾ ಅಂತ ನೋಡ್ಬೇಕು. ದುಡ್ಡು ಕೊಡೋಕ್ ಮುಂಚೆ ಒಳ್ಳೇ ಸರ್ವೀಸ್ ಸೆಂಟರಲ್ಲಿ ಗಾಡಿ ಎತ್ತಿಸಿ ಕೆಳಗೆ ನೋಡಿಸ್ಬೇಕು. ವಿಮೆ ಕಂಪನೀಲಿ ಹಿಂದೆ ದೊಡ್ಡ ಕ್ಲೇಮ್ ಆಗಿದ್ಯಾ ಅಂತ ವಿಚಾರಿಸ್ಬೇಕು. ನೋಡಿಸೋಕೆ ಬಿಡಲ್ಲ ಅನ್ನೋರ ಹತ್ರ ಗಾಡೀನೇ ತಗೋಬಾರದು."

ಹೊರಡುವ ಮುಂಚೆ ಸಿದ್ದಯ್ಯ ಮೇಷ್ಟರು ಕಾರಿನ ಹಿಂದೆ ಹೋದರು. ಗಾಜಿನ ಇನ್ನೊಂದು ಮೂಲೆಯನ್ನು, ಮಾರುವವರು ಬ್ಲೇಡಿನಲ್ಲಿ ಚೆನ್ನಾಗಿ ಕೆರೆದಿದ್ದ ಜಾಗವನ್ನು, ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ, ಬಾಯಿ ತೆರೆದು, ಗಾಜಿನ ಮೇಲೆ ಹಾ ಅಂತ ಉಸಿರು ಬಿಟ್ಟರು. ಗಾಜು ಮಬ್ಬಾಯಿತು. ಮಬ್ಬಿನೊಳಗಿಂದ ಮಸುಕು ಮಸುಕಾಗಿ ಎರಡು ಅಕ್ಷರ ಎದ್ದು ಬಂದವು: ಅಂಜು.

ಉಸಿರು ಆರುವವರೆಗೆ ಅದನ್ನು ಓದುತ್ತ ನಿಂತಿದ್ದರು. ಆರಿದ ಮೇಲೆ ಮತ್ತೊಮ್ಮೆ ಉಸಿರು ಬಿಟ್ಟರು. ಮೋನಿಕಾ ಬಂದು ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಆ ದಿನ ರಂಗನಾಥನ ಮನೆಯವರು ಯಡಿಯೂರಿಗೆ ಬಸ್ಸಿನಲ್ಲಿ ಹೋಗಿ ಕೈ ಮುಗಿದು ಬಂದರು. ಪುಟ್ಟರಂಗಯ್ಯ ಬೇರೆ ಗಾಡಿ ತಂದು ಕಾರನ್ನು ಎಳೆಸಿಕೊಂಡು ಹೋದ. ತನಗೇನೂ ಗೊತ್ತಿಲ್ಲ, ತಾನೂ ಯಾರಿಂದಲೋ ತಗೊಂಡಿದ್ದು ಅಂತ ಆಣೆ ಪ್ರಮಾಣ ಮಾಡಿದ. ಇರಬಹುದು.

ಸಂಕ್ರಾಂತಿ ಕಳೆದ ಮೇಲೆ ಇಂಪನಾಗೆ ಬೇರೆ ಕಾರು ಬಂತು. ಅದೂ ಹಳೇದೇ. ಬಾಗಿಲ ಮೇಲೆ ಗೀರುಗಳಿವೆ, ನೋಡಲು ಅಂಥ ಚೆಂದವೇನಿಲ್ಲ. ಆದರೆ ಸರ್ವೀಸ್ ಸೆಂಟರಿನಲ್ಲಿ ಎತ್ತಿಸಿ ನೋಡಿಸಿದ್ದು. ತಗೊಳ್ಳುವ ದಿನ ಮಾರುವವನನ್ನು ಹೆಚ್ಚು ಗೋಳು ಹೊಯ್ದುಕೊಂಡವಳು ಪುಟ್ಟತಾಯಮ್ಮ. "ಏನಪ್ಪಾ, ಆ ಚೆಂಡಿನ್ ದೀಪ ಹತ್ಸಿ ತೋರ್ಸು. ಹೂಂ, ಆರ್ತಾ? ಈಗ ಬೆಲ್ಟ್ ಪೂರಾ ಹೊರೀಕ್ ಎಳಿ. ಜಗ್ಗಿ ನೋಡು, ಹಿಡ್ಕತದಾ? ಈಗ ಬುಡು, ಒಳೀಕ್ ಹೋಯ್ತದಾ? ಹಿಂದ್ಗಡೇವೂ ತೋರ್ಸು ಮತ್ತೆ." ಈಗ ಮಗಳು ಬೆಲ್ಟ್ ಸಿಕ್ಕಿಸಿದ ಕ್ಲಿಕ್ ಸದ್ದು ಕೇಳಿದ ಮೇಲೆಯೇ ರಂಗನಾಥ ಗೇಟು ತೆಗೆಯುತ್ತಾನೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಒಂದು ವಿಷಯ ಉಳಿದಿದೆ.

ಆ ಬಿಳಿ ಕಾರು ಇನ್ನು ಯಾರ ಮಕ್ಕಳ ಕೈಗೂ ಹೋಗಬಾರದು ಅಂತ ರಂಗನಾಥ ಮತ್ತು ಸಿದ್ದಯ್ಯ ಮೇಷ್ಟರು ಒಟ್ಟಿಗೆ ಹೋಗಿ ಪೊಲೀಸರಿಗೂ ಆರ್‌ಟಿಒಗೂ ದೂರು ಕೊಟ್ಟರು. ಅಲ್ಲಿಂದ ಪುಟ್ಟರಂಗಯ್ಯನ ಸೈಟಿಗೆ ಬಂದರೆ ಕಾರು ನಿಂತಿದ್ದ ಜಾಗ ಖಾಲಿ ಇತ್ತು. "ಯಾರೋ ಬಂದ್ರು ಸಾ, ತಗಂಡೋದ್ರು," ಅಂದ ಅವನು. "ಅವ್ರ್ ಮಗ ಈಗ ಕಲೀತಾವ್ನಂತೆ." ಹೆಸರು ಊರು ಕೇಳಿದರೆ ನೆನಪಿಲ್ಲ ಅಂದ. ದೂರು ಇನ್ನೂ ನಡೆಯುತ್ತಿದೆ. ಕಾರು ಸಿಕ್ಕಿಲ್ಲ.

ಅದು ಈಗ ಎಲ್ಲಿದೆಯೋ. ಬಿಳಿ ಬಣ್ಣ ಹೋಗಿ ಬೇರೆ ಬಣ್ಣ ಬಂದಿರಬಹುದು. ಎಡಗಡೆ ಸೀಟಿಗೆ ಹೊಸ ಕವರ್ ಹಾಕಿ ಬೆಲ್ಟನ್ನು ಹಿಂದೆ ಮಡಚಿ ಇಟ್ಟಿರಬಹುದು. ನಿಮ್ಮ ಊರಿನ ರಸ್ತೆ ಬದಿಯಲ್ಲೇ ಮಿರಿಮಿರಿ ಮಿಂಚುತ್ತ ನಿಂತಿರಬಹುದು. ಅಂಥದ್ದು ಅದೊಂದೇ ಅಲ್ಲ ಅನ್ನುವುದೂ ನಿಜ.

ಅದಕ್ಕೇ ಅಣ್ಣಂದಿರೇ, ಅಕ್ಕಂದಿರೇ, ಹದಿನೆಂಟು ತುಂಬಿ ಲೈಸೆನ್ಸ್ ಪಡೆದ ನಿಮ್ಮ ಮಗನಿಗೋ ಮಗಳಿಗೋ ಹಳೇ ಕಾರು ನೋಡಲು ಹೋದಾಗ ಬಣ್ಣ ನೋಡಿ ಮರುಳಾಗಬೇಡಿ. ಕೀ ತಿರುಗಿಸಿ, ಏರ್‌ಬ್ಯಾಗಿನ ದೀಪ ಹತ್ತಿ ಆರುವವರೆಗೆ ಕಾಯಿರಿ. ಮಕ್ಕಳು ಕೂರುವ ಸೀಟಿನಲ್ಲಿ ಮೊದಲು ನೀವು ಕೂತು ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಬೆಲ್ಟಿನ ಜಾಗದಲ್ಲಿ ಕ್ಲಿಪ್ಪು ಕಂಡರೆ ಕಿತ್ತು ಬಿಸಾಡಿ, ಬೆಲ್ಟನ್ನೇ ಹಾಕಿಸಿ. ಎಲ್ಲ ನೋಡಿ ಆದ ಮೇಲೆ ಗಾಡಿಯ ಹಿಂದೆ ಹೋಗಿ, ಗಾಜಿನ ಮೇಲೆ ಒಂದು ಸಲ ಉಸಿರು ಬಿಡಿ. ಅಲ್ಲಿ ಒಂದು ಹೆಸರು ಎದ್ದು ಬಂದರೆ, ಆ ಮಗು ಈಗ ಎಲ್ಲಿದೆ ಅಂತ ಕೇಳಿ ತಿಳಿದುಕೊಳ್ಳದೆ ನಿಮ್ಮ ಮಗುವಿನ ಕೈಗೆ ಆ ಕೀ ಕೊಡಬೇಡಿ.